ಕಂಬದೊಳಗಿನ ಕಂಬಿ

ಕಂಬ ಎಂಬುದು ತದ್ಭವ. ಸಂಸ್ಕೃತದ ಸ್ತಂಭಕ್ಕೂ ಅದಕ್ಕೂ ಇರುವ ನಂಟನ್ನು ತರಗತಿಯಲ್ಲಿ ಹಲವು ವರ್ಷ ವಿವರಿಸಿದವನು ನಾನು. ಈಗ ನಿವೃತ್ತನಾಗಿ ಕೋರದಲ್ಲಿ ಕುಳಿತಿರುವಾಗ ಆ ಶಬ್ದಕ್ಕಿಂತ ಆ ವಸ್ತುವೇ ಹೆಚ್ಚು ಕುತೂಹಲ ಹುಟ್ಟಿಸುತ್ತಿದೆ. ನಮ್ಮ ಹೋಬಳಿಯ ವಸಂತನರಸಾಪುರದಲ್ಲಿ ಕೈಗಾರಿಕಾ ಪ್ರದೇಶ ಬೆಳೆದಂತೆಲ್ಲ ಬಾಡಿಗೆಯ ಆಸೆಗೆ ಒಂದಂತಸ್ತಿನ ಮನೆಯ ಮೇಲೆ ಇನ್ನೊಂದನ್ನು ಏರಿಸುವ ಮಾತು ಕಿವಿಗೆ ಬೀಳುತ್ತಲೇ ಇರುತ್ತದೆ. ಕೆಳಗಿನ ಕಂಬ ಅದನ್ನು ಹೊರುತ್ತದೆಯೇ ಎಂದು ಕೇಳುವವರು ಕಡಿಮೆ.

ಕೈದಾಳದ ಚೆನ್ನಕೇಶವನ ಗುಡಿಯಲ್ಲಿ ಕಲ್ಲಿನ ಕಂಬಗಳು ಶತಮಾನಗಳಿಂದ ಚಾವಣಿಯನ್ನು ಹೊತ್ತು ನಿಂತಿವೆ. ಕಾಂಕ್ರೀಟೂ ಒಂದು ಬಗೆಯ ಕೃತಕ ಶಿಲೆಯೇ. ಒತ್ತಿದರೆ ತಾಳುವುದು, ಎಳೆದರೆ ಬಿರಿಯುವುದು ಅದರ ಸ್ವಭಾವ. ಎಳೆತವನ್ನು ತಡೆಯುವ ಶಕ್ತಿ ಒತ್ತಡವನ್ನು ತಡೆಯುವ ಶಕ್ತಿಯ ಸುಮಾರು ಹತ್ತರಲ್ಲೊಂದು ಪಾಲು. ತೊಲೆಗೆ ಕಂಬಿ ಏಕೆ ಬೇಕೆಂಬುದು ಇದರಿಂದ ತಿಳಿಯುತ್ತದೆ. ಆದರೆ ಒತ್ತಡವನ್ನಷ್ಟೇ ಹೊರಬೇಕಾದ ಕಂಬಕ್ಕೆ ಕಂಬಿಯ ಹಂಗೇಕೆ?

ಒಂದು ಲೆಕ್ಕ ನೋಡೋಣ. ನಮ್ಮ ಕಡೆಯ ಮನೆಗಳಲ್ಲಿ ಸಾಮಾನ್ಯವಾದ ಒಂಬತ್ತು ಇಂಚಿನ, ಅಂದರೆ 230 ಮಿ.ಮೀ. ಚೌಕದ ಕಂಬ, ನಾಲ್ಕು ಮೂಲೆಗೆ 12 ಮಿ.ಮೀ. ದಪ್ಪದ ನಾಲ್ಕು ಕಂಬಿಗಳು. ಉಕ್ಕು ಆಕ್ರಮಿಸಿದ ಜಾಗ ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಆದರೂ ಭಾರತೀಯ ಮಾನಕ ಸಂಸ್ಥೆಯ 456ನೆಯ ಸಂಖ್ಯೆಯ ಸಂಹಿತೆಯ ಸೂತ್ರದಂತೆ ಲೆಕ್ಕಹಾಕಿದರೆ, ಎಂ-20 ದರ್ಜೆಯ ಕಾಂಕ್ರೀಟು ಮತ್ತು ಫೆ-500 ದರ್ಜೆಯ ಕಂಬಿ ಇದ್ದಲ್ಲಿ, ಒಟ್ಟು ಹೊರೆಯ ಕಾಲು ಭಾಗಕ್ಕಿಂತ ಹೆಚ್ಚನ್ನು ಈ ಚಿಟಿಕೆಯಷ್ಟು ಉಕ್ಕೇ ಹೊರುತ್ತದೆ! ಸುರಕ್ಷತೆಗೆಂದು ಒಂದೂವರೆ ಪಟ್ಟು ಕಳೆದ ಮೇಲೆ ಕಂಬದ ಪಾಲಿಗೆ ಉಳಿಯುವುದು ಸುಮಾರು 39 ಟನ್. ಇದು ಮೇಲುಮಿತಿ. ಭಾರ ನಡುಗೆರೆಯಿಂದ 20 ಮಿ.ಮೀ. ಆದರೂ ಸರಿದಿರುತ್ತದೆಂದು ಸಂಹಿತೆಯೇ ಭಾವಿಸುತ್ತದೆ. ಮನೆಯ ಮೂಲೆಯ ಕಂಬಗಳಲ್ಲಂತೂ ತೊಲೆಗಳು ಒಂದೆಡೆಯಿಂದ ಎಳೆದು ಕಂಬವನ್ನು ಬಾಗಿಸಲು ನೋಡುತ್ತವೆ. ಆಗ ತಾಳುವ ಭಾರ ಇಳಿಯುತ್ತದೆ. ಇನ್ನೊಂದು ಸ್ವಾರಸ್ಯವಿದೆ. ನಿರಂತರ ಒತ್ತಡದಲ್ಲಿ ಕಾಂಕ್ರೀಟು ವರ್ಷಗಟ್ಟಲೆ ನಿಧಾನವಾಗಿ ಕುಗ್ಗುತ್ತದೆ, ಉಕ್ಕು ಹಾಗೆ ಕುಗ್ಗುವುದಿಲ್ಲ. ಹೀಗಾಗಿ ಭಾರ ಕ್ರಮೇಣ ಕಾಂಕ್ರೀಟಿನಿಂದ ಉಕ್ಕಿನ ಹೆಗಲಿಗೆ ಜಾರುತ್ತದೆ.

ಆದರೆ ಈ ನಾಲ್ಕು ಕಂಬಿಗಳು ತಾವಾಗಿಯೇ ಏನೂ ಮಾಡಲಾರವು. ತೆಳುವಾದ ಕಡ್ಡಿಯನ್ನು ತುದಿಯಿಂದ ಒತ್ತಿದರೆ ಅದು ನಡುವೆ ಬಳುಕುತ್ತದಲ್ಲವೆ? ಕಂಬಿಯದೂ ಅದೇ ಪಾಡು. ಇತ್ತ ಕಾಂಕ್ರೀಟು ಮೇಲಿನಿಂದ ಒತ್ತಿದಾಗ ಪಕ್ಕಕ್ಕೆ ಉಬ್ಬುತ್ತದೆ, ಉದ್ದುದ್ದಕ್ಕೆ ಸೀಳುತ್ತದೆ. ಹೊರಪದರ ಕಳಚಿದರೆ ಕಂಬಿ ಹೊರಕ್ಕೆ ಬಾಗಿ ನಿಲ್ಲುತ್ತದೆ, ಕಂಬ ಕುಸಿಯುತ್ತದೆ. ಇವೆರಡನ್ನೂ ತಡೆಯುವುದು ಮೇಸ್ತ್ರಿಗಳು ರಿಂಗು ಎಂದು ಕರೆಯುವ ಅಡ್ಡಬಳೆ. ಫ್ರಾನ್ಸಿನ ಎಂಜಿನಿಯರ್ ಆರ್ಮಾಂಡ್ ಕಾನ್ಸಿಡೇರ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಸುರುಳಿ ಸುತ್ತಿದ ಕಾಂಕ್ರೀಟಿನ ಬಲವನ್ನು ಪ್ರಯೋಗದಿಂದ ತೋರಿಸಿದ್ದ. ಪೀಪಾಯಿಗೆ ಕಬ್ಬಿಣದ ಪಟ್ಟಿ ಇದ್ದಂತೆ ಕಂಬಕ್ಕೆ ಈ ಬಳೆ.

ಮೇಲೆ ಹೇಳಿದ ಕಂಬದಲ್ಲಿ ಬಳೆಯಿಂದ ಬಳೆಗೆ 192 ಮಿ.ಮೀ.ಗಿಂತ, ಅಂದರೆ ಏಳೂವರೆ ಇಂಚಿಗಿಂತ, ಹೆಚ್ಚು ಅಂತರ ಸಲ್ಲದು. ಕಂಬಿಯ ದಪ್ಪದ 16 ಪಟ್ಟು ಎಂಬುದು ಇಲ್ಲಿನ ಲೆಕ್ಕ. ಕೊನೆಗೆ ಬಳೆಯ ತುದಿ ಒಳಗಿನ ಕಾಂಕ್ರೀಟಿಗೆ ಕೊಕ್ಕೆಯಾಗಿ ಹೊಕ್ಕಿರಬೇಕು. ನಾನು ಕಂಡ ಒಂದು ಕೆಲಸದಲ್ಲಿ ಬಳೆಗಳು ಅಡಿಗೊಂದರಂತೆ ಇದ್ದವು. ಕೇಳಿದರೆ, ಭಾರ ಹೊರುವುದು ಉದ್ದನೆಯ ಕಂಬಿ ತಾನೆ ಎಂಬ ಉತ್ತರ ಬಂತು. ಕಲಸುವಾಗ ಸುಲಭವಾಗಲೆಂದು ಬಕೆಟ್ಟುಗಟ್ಟಲೆ ನೀರು ಸುರಿಯುವುದೂ ಇದರ ಜೊತೆಗಾರ. ಐವತ್ತು ಕಿಲೋ ಸಿಮೆಂಟಿನ ಮೂಟೆಗೆ 27 ಲೀಟರು ನೀರು ಧಾರಾಳ. ಅದಕ್ಕಿಂತ ಹೆಚ್ಚಾದ ನೀರು ಆರಿಹೋಗಿ ಒಳಗೆ ಸೂಕ್ಷ್ಮರಂಧ್ರಗಳನ್ನು ಬಿಟ್ಟುಹೋಗುತ್ತದೆ, ಬಲ ತಗ್ಗುತ್ತದೆ.

ಧಾರವಾಡದ ಕುಮಾರೇಶ್ವರ ನಗರದಲ್ಲಿ 2019ರ ಮಾರ್ಚ್ 19ರಂದು ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಮಂದಿ ಸತ್ತರು. ಕಟ್ಟಡ ಕುಸಿಯುವುದೆಂದರೆ ಏನೆಂಬುದನ್ನು ಕನ್ನಡ ನಾಡು ಅಂದು ಕಂಡಿತು.

ಹಳೆಯ ಮನೆಯ ಮೇಲೆ ಅಂತಸ್ತು ಏರಿಸಬಾರದೆಂದು ನಾನು ಹೇಳುತ್ತಿಲ್ಲ. ಕಂಬಿಯ ಜಾಗ ಪತ್ತೆಹಚ್ಚುವ ಉಪಕರಣಗಳಿವೆ. ಕಾಂಕ್ರೀಟಿನ ಗಟ್ಟಿತನವನ್ನು ತಟ್ಟಿ ಅಂದಾಜಿಸುವ ಸುತ್ತಿಗೆಯಿದೆ. ಸಾಲದೆಂದು ಕಂಡರೆ ಹಳೆಯ ಕಂಬದ ಮೈಯನ್ನು ಒರಟುಮಾಡಿ, ಸುತ್ತ ಹೊಸ ಕಂಬಿ, ಹೊಸ ಬಳೆ ಕಟ್ಟಿ ಕಾಂಕ್ರೀಟಿನ ಕವಚ ತೊಡಿಸಬಹುದು. ಆ ಕವಚ ಮೇಲಿನ ತೊಲೆಯವರೆಗೂ ಕೆಳಗಿನ ಪಾಯದವರೆಗೂ ಕೂಡಿಕೊಂಡಿರಬೇಕು, ಪಾಯವೂ ಹೊಸ ಭಾರಕ್ಕೆ ಸಾಕಾಗಬೇಕು. ಇದಕ್ಕೆ ಎಂಜಿನಿಯರು ಮೊದಲು ಕೇಳುವುದು ಹಳೆಯ ನಕ್ಷೆಯನ್ನು. ನಮ್ಮ ಕೋರದಲ್ಲಿ ಎಷ್ಟೋ ಮನೆಗಳ ನಕ್ಷೆ ಮೇಸ್ತ್ರಿಯ ತಲೆಯೊಳಗಷ್ಟೇ ಇದ್ದದ್ದು.