ತಾಯಿ ಕಾರ್ಡಿನಲ್ಲಿಲ್ಲದ ಚುಚ್ಚುಮದ್ದು

2004ರಲ್ಲಿ ಬಾಂಗ್ಲಾದೇಶದ ಢಾಕಾದಲ್ಲಿ 340 ಗರ್ಭಿಣಿಯರೊಂದಿಗೆ ಶುರುವಾದ ಅಧ್ಯಯನದ ಗುರಿ ಬೇರೆಯೇ ಇತ್ತು. ನ್ಯುಮೊಕಾಕಲ್ ಲಸಿಕೆಯನ್ನು ಪರೀಕ್ಷಿಸಬೇಕಿತ್ತು. ಹೋಲಿಕೆಗೆಂದು ಅರ್ಧದಷ್ಟು ಮಂದಿಗೆ ಫ್ಲೂ ಲಸಿಕೆ ಕೊಟ್ಟರು. ಹುಟ್ಟಿದ ಮಕ್ಕಳನ್ನು ಆರು ತಿಂಗಳು ಗಮನಿಸಿದಾಗ, ಹೋಲಿಕೆಯ ಗುಂಪೇ ದೊಡ್ಡ ಸುದ್ದಿಯಾಯಿತು. ಪರೀಕ್ಷೆಯಲ್ಲಿ ಖಚಿತವಾದ ಫ್ಲೂ ಅಲ್ಲಿ 6 ಕೂಸುಗಳಿಗೆ ಬಂದಿದ್ದರೆ, ಇನ್ನೊಂದು ಗುಂಪಿನಲ್ಲಿ 16 ಕೂಸುಗಳಿಗೆ ಬಂದಿತ್ತು.

ಆರು ತಿಂಗಳು ತುಂಬದ ಮಗುವಿಗೆ ಫ್ಲೂ ಲಸಿಕೆ ಹಾಕುವಂತಿಲ್ಲ. ತಾಯಿಯ ರಕ್ತದಲ್ಲಿ ತಯಾರಾದ ಪ್ರತಿಕಾಯಗಳು ಮಾಸು (ಪ್ಲಾಸೆಂಟಾ) ದಾಟಿ ಬಂದರೆ ಅದೇ ಅದಕ್ಕೆ ಮುಖ್ಯ ರಕ್ಷಣೆ. 2012ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಗರ್ಭಿಣಿಯರಿಗೇ ಮೊದಲ ಆದ್ಯತೆ ಎಂದಿತು.

ಇನ್ನು ತಾಯಿಯ ಮಾತು. ನೆಗಡಿ-ಜ್ವರ ತಾನೆ, ಕಷಾಯ ಕುಡಿದರೆ ಹೋಗುತ್ತದೆ ಎನ್ನುವ ಸಮಾಧಾನ ಬಸುರಿಯ ವಿಷಯದಲ್ಲಿ ಅಪಾಯಕಾರಿ. ಬೆಳೆಯುವ ಗರ್ಭ ವಪೆಯನ್ನು ಮೇಲಕ್ಕೊತ್ತುತ್ತದೆ, ಶ್ವಾಸಕೋಶಕ್ಕೆ ಜಾಗ ಕಿರಿದಾಗುತ್ತದೆ, ಆಮ್ಲಜನಕ ಮಾತ್ರ ಹೆಚ್ಚು ಬೇಕು. ಹೃದಯಕ್ಕೂ ಹೆಚ್ಚಿನ ಹೊರೆ. ಅಂಥ ಹೊತ್ತಿನಲ್ಲಿ ಫ್ಲೂ ನ್ಯುಮೋನಿಯಕ್ಕೆ ತಿರುಗಿದರೆ ಪರಿಸ್ಥಿತಿ ಬೇಗ ಕೈಮೀರುತ್ತದೆ. ಅವಧಿಗೆ ಮುನ್ನ ಹೆರಿಗೆಯೂ ಆಗಬಹುದು. 1918ರ ಫ್ಲೂ ಮಹಾಮಾರಿಯಲ್ಲಿ ಅಮೆರಿಕದ ವೈದ್ಯರು 1,350 ಗರ್ಭಿಣಿ ರೋಗಿಗಳ ವಿವರ ಕಲೆಹಾಕಿದಾಗ, ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಸತ್ತಿದ್ದರು. 2009ರ ಎಚ್1ಎನ್1 ಫ್ಲೂ ಕೂಡ ಬಸುರಿಯರನ್ನು ಬಿಡಲಿಲ್ಲ.

ಭಯ ಪಡಬೇಕಾದದ್ದು ರೋಗಕ್ಕೆ, ಲಸಿಕೆಗಲ್ಲ. ಗರ್ಭಿಣಿಯರಿಗೆ ಕೊಡುವ ಚುಚ್ಚುಮದ್ದಿನಲ್ಲಿ ಜೀವಂತ ವೈರಸ್ ಇಲ್ಲ. ಅದರಿಂದ ಫ್ಲೂ ಬರಲಾರದು. ತೋಳು ನೋಯಬಹುದು, ಒಂದೆರಡು ದಿನ ಮೈ ಬೆಚ್ಚಗಾಗಬಹುದು. (ಮೂಗಿಗೆ ಸಿಂಪಡಿಸುವ ಲಸಿಕೆಯಲ್ಲಿ ಜೀವಂತ ವೈರಸ್ ಇರುವುದರಿಂದ ಅದು ಬಸುರಿಯರಿಗೆ ಸಲ್ಲ.) ಯಾವ ತಿಂಗಳಲ್ಲಾದರೂ ಹಾಕಿಸಿಕೊಳ್ಳಬಹುದು. ರಕ್ಷಣೆ ಮೂಡಲು ಸುಮಾರು ಎರಡು ವಾರ ಬೇಕು; ನಮ್ಮಲ್ಲಿ ಮಳೆಗಾಲದಲ್ಲಿ ಫ್ಲೂ ಏರುವುದರಿಂದ ಮುಂಗಾರಿಗೆ ಮೊದಲೇ ಹಾಕಿಸಿಕೊಳ್ಳುವುದು ಒಳ್ಳೆಯದು.

ನನ್ನನ್ನು ಕಾಡುವುದು ಬೇರೆ ಸಂಗತಿ. ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿ ಗರ್ಭಿಣಿಯರಿಗೆ ಈ ಲಸಿಕೆಯನ್ನು ಶಿಫಾರಸು ಮಾಡುತ್ತದೆ, ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಮಾತ್ರ ಅದನ್ನು ಸೇರಿಸಿಕೊಂಡಿಲ್ಲ. ಧನುರ್ವಾಯು-ಡಿಫ್ತೀರಿಯ ತಡೆಯುವ ಟಿಡಿ ಚುಚ್ಚುಮದ್ದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ. ಆಶಾ ಕಾರ್ಯಕರ್ತೆಯೇ ನೆನಪಿಸಿ ಕರೆದೊಯ್ಯುತ್ತಾರೆ. ಫ್ಲೂ ಲಸಿಕೆಗೆ ಖಾಸಗಿ ಆಸ್ಪತ್ರೆಯಲ್ಲಿ ಸಾವಿರ ರೂಪಾಯಿಗೂ ಹೆಚ್ಚು ತೆರಬೇಕು. ಕೂಲಿಗೆ ಹೋಗುವ ಹೆಣ್ಣುಮಗಳಿಗೆ ಆ ಶಿಫಾರಸು ಇದ್ದೂ ಇಲ್ಲದಂತೆ. ಬಸುರಿಯ ತಪಾಸಣೆ, ಚುಚ್ಚುಮದ್ದುಗಳನ್ನು ಬರೆದಿಡುವ ತಾಯಿ ಕಾರ್ಡಿನಲ್ಲಿ ಫ್ಲೂ ಲಸಿಕೆಗೂ ಒಂದು ಸಾಲು ಬರಬೇಕು.

ಲಸಿಕೆ ಸಿಗದವರೂ ಸಿಕ್ಕವರೂ ಒಂದನ್ನು ತಿಳಿದಿರಲಿ: ಜ್ವರ, ಕೆಮ್ಮು, ಮೈಕೈ ನೋವು ಒಟ್ಟಿಗೆ ಬಂದರೆ ಅದೇ ದಿನ ವೈದ್ಯರನ್ನು ಕಾಣಿ. ಒಸೆಲ್ಟಾಮಿವಿರ್ ಮಾತ್ರೆಯನ್ನು ಗರ್ಭಿಣಿಯರಿಗೂ ಕೊಡುತ್ತಾರೆ. 48 ಗಂಟೆಯೊಳಗೆ ಶುರುಮಾಡಿದರೆ ಅದರ ಫಲ ಹೆಚ್ಚು.