ಹಂಗಾರಕಟ್ಟೆಯಲ್ಲಿ ಬಿಸಿಲಿನ ಲೆಕ್ಕ

ಸೀತಾ ಮತ್ತು ಸುವರ್ಣಾ ನದಿಗಳು ಒಂದುಗೂಡಿ ಕಡಲನ್ನು ಸೇರುವ ಅಳಿವೆಯ ದಂಡೆಯಲ್ಲಿ, ಕೋಡಿಬೆಂಗ್ರೆಯ ಮರಳ ನಾಲಗೆಗೆ ಇದಿರಾಗಿ, ಹಂಗಾರಕಟ್ಟೆಯೆಂಬ ಸಣ್ಣ ಬಂದರಿದೆ. ಅಕ್ಕಿ, ಹಂಚುಗಳನ್ನು ಹೇರಿಕೊಂಡು ಮಂಜಿಗಳು ಹಾಯಿ ಬಿಚ್ಚಿ ಹೊರಡುತ್ತಿದ್ದ ಕಾಲ ಅದಕ್ಕೂ ಒಂದಿತ್ತು. ಗಾಳಿಯೊಂದನ್ನೇ ನಂಬಿ ನಡೆಯುತ್ತಿದ್ದ ಆ ವ್ಯಾಪಾರದಲ್ಲಿ ಕೆಲವು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳದೆ ಮಂಜಿಯ ಒಡೆಯನು ಹಗ್ಗ ಬಿಚ್ಚುವಂತಿರಲಿಲ್ಲ. ಗಾಳಿ ಯಾವ ತಿಂಗಳವರೆಗೆ ಅನುಕೂಲ? ಸರಕಿಗೆ ಬೆಲೆಯೇನು? ಸಾಲಕ್ಕೆ ಬಡ್ಡಿಯೆಷ್ಟು? ಮುಂಗಾರು ಬಂದು ಅಳಿವೆಯ ಬಾಯಿ ಕಟ್ಟುವ ಮುನ್ನ ಮರಳಿ ಬರಲಾದೀತೆ?

ಇಂದು ಗಾಳಿ, ಬಿಸಿಲು, ನೀರುಗಳಿಂದ ವಿದ್ಯುತ್ತನ್ನು ಪಡೆಯಹೊರಟವರೂ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಭೇದವಿಷ್ಟೆ: ಉತ್ತರ ಹೇಳುವುದಕ್ಕೆ ಈಗ ಗಣಕಯಂತ್ರವಿದೆ; ಅದಕ್ಕೆ ದಾರಿ ತೋರುವ ತಂತ್ರಾಂಶಗಳಿವೆ. ಅವುಗಳಲ್ಲಿ ಬಹು ಪ್ರಸಿದ್ಧವಾದದ್ದು ರೆಟ್‌ಸ್ಕ್ರೀನ್. ಕೆನಡಾ ಸರಕಾರದ ಪ್ರಾಕೃತಿಕ ಸಂಪನ್ಮೂಲ ಇಲಾಖೆಯವರು ಇದನ್ನು ಸಿದ್ಧಗೊಳಿಸಿ 1998ರಲ್ಲಿ ಲೋಕದ ಕೈಗಿತ್ತರು. 2016ರಲ್ಲಿ ಅದರ ವಿಸ್ತೃತ ರೂಪವೊಂದು ಹೊರಬಂತು. ಹಿಂದೆ ತಜ್ಞರನ್ನು ಕರೆಸಿ ತಿಂಗಳುಗಟ್ಟಲೆ ಬರೆಯಿಸಬೇಕಾಗಿದ್ದ ವರದಿಯ ಮೊದಲ ಕರಡನ್ನು ಅದು ಒಂದು ದಿನದ ಕೆಲಸವನ್ನಾಗಿ ಮಾಡಿತು.

ಅದರ ಕ್ರಮ ಸರಳವಾದುದು. ಊರನ್ನು ಗುರುತಿಸಿದರೆ ಅಲ್ಲಿಯ ಬಿಸಿಲು, ಗಾಳಿ, ಉಷ್ಣತೆಗಳ ಅಂಕಿಗಳು ತಾವಾಗಿ ಬಂದು ಕೂಡುತ್ತವೆ. ಶಕ್ತಿಯ ಉತ್ಪತ್ತಿ, ವೆಚ್ಚ, ತಪ್ಪಿಹೋಗುವ ಹೊಗೆಯ ಪ್ರಮಾಣ, ಲಾಭನಷ್ಟ, ಕೊನೆಗೆ ಅಪಾಯದ ಅಂದಾಜು ಎಂದು ಐದು ಮೆಟ್ಟಿಲುಗಳಲ್ಲಿ ಲೆಕ್ಕ ಸಾಗುತ್ತದೆ. ಹಾಕಿದ ಹಣ ಎಷ್ಟು ವರ್ಷಕ್ಕೆ ಮರಳೀತು, ಬಡ್ಡಿ ಏರಿದರೆ ಏನಾದೀತು ಎಂಬುದನ್ನೂ ಅದು ಹೇಳುತ್ತದೆ. ಸಾಲ ಕೊಡುವವನಿಗೆ ಬೇಕಾದುದೂ ಇದೇ ಅಲ್ಲವೆ?

ಈ ಯಂತ್ರವನ್ನು ಹಂಗಾರಕಟ್ಟೆಗೆ ತಂದು ನಿಲ್ಲಿಸೋಣ. ಅಳಿವೆಯ ದಡದಲ್ಲಿ ಸಣ್ಣದೊಂದು ಮಂಜುಗಡ್ಡೆಯ ಕಾರ್ಖಾನೆಯನ್ನು ಕಲ್ಪಿಸಿಕೊಳ್ಳಿ. ಮೀನು ಹಿಡಿಯುವವನಿಗೆ ಮಂಜುಗಡ್ಡೆ ಬಲೆಯಷ್ಟೇ ಅವಶ್ಯಕ; ಅದಿಲ್ಲದಿದ್ದರೆ ಬೆಳಗಿನ ಬೆಲೆ ಮಧ್ಯಾಹ್ನಕ್ಕೆ ಉಳಿಯದು. ನಮ್ಮ ಸೆಕೆಯಲ್ಲಿ ಒಂದು ಟನ್ ಮಂಜುಗಡ್ಡೆಗೆ ಸುಮಾರು 60 ಯೂನಿಟ್ ವಿದ್ಯುತ್ ಬೇಕು. ಒಂದು ಕಿಲೋವ್ಯಾಟ್ ಸೌರಫಲಕ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ಎಂದ ಮೇಲೆ ದಿನಕ್ಕೊಂದು ಟನ್ನಿಗೆ 15 ಕಿಲೋವ್ಯಾಟ್ ಫಲಕಗಳು, ಅವನ್ನು ಹರಡುವುದಕ್ಕೆ ಸುಮಾರು 150 ಚದರ ಮೀಟರ್ ನೆರಳಿಲ್ಲದ ಮಾಡು ಬೇಕೆಂದಾಯಿತು.

ಇಲ್ಲಿಯವರೆಗೆ ಯಂತ್ರದ ಮಾತಿಗೆ ಎದುರಾಡುವಂತಿಲ್ಲ. ಆದರೆ ಸರಾಸರಿಯೆಂಬುದು ಸಜ್ಜನನಂತೆ ಕಾಣುವ ಮರೆಗುಳಿ. ಮೊದಲನೆಯದಾಗಿ, ಉಪಗ್ರಹಗಳು ಕೊಟ್ಟ ಬಿಸಿಲಿನ ಅಂಕಿಗಳು ಒಂದೊಂದು ಡಿಗ್ರಿಯ ಚೌಕಗಳಿಗೆ ಸೇರಿದವು. ಚೌಕದ ಒಂದು ಬದಿಯೇ ಸುಮಾರು 110 ಕಿಲೋಮೀಟರ್. ಅರಬ್ಬೀ ಸಮುದ್ರದ ಮೇಲಿನ ಬಯಲು ಆಕಾಶವೂ ಘಟ್ಟದ ಬುಡಕ್ಕೆ ಒರಗಿದ ಮೋಡವೂ ಅಲ್ಲಿ ಒಂದೇ ಅಂಕಿಯೊಳಗೆ ಕರಗಿಹೋಗುತ್ತವೆ. ಎರಡನೆಯದಾಗಿ, ಉಪ್ಪುಗಾಳಿಗೆ ಕಬ್ಬಿಣದ ಚೌಕಟ್ಟು ಎಷ್ಟು ಬೇಗ ತುಕ್ಕು ಹಿಡಿದೀತೆಂಬುದು ಆಕಾಶದಿಂದ ಕಾಣುವ ಸಂಗತಿಯಲ್ಲ. ದುರಸ್ತಿಯ ವೆಚ್ಚಕ್ಕೆ ಯಂತ್ರ ಒಂದು ಮನೆಯನ್ನು ಖಾಲಿ ಬಿಟ್ಟಿದೆ; ತುಂಬಬೇಕಾದವರು ಅಳಿವೆಯ ದಡದಲ್ಲಿ ಬದುಕಿದವರು.

ಮೂರನೆಯದೇ ಮುಖ್ಯವಾದುದು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಮುಂಗಾರಿನ ದಟ್ಟ ಮೋಡದಿಂದ ಬಿಸಿಲು ಸೊರಗುವುದೂ ಇದೇ ತಿಂಗಳುಗಳಲ್ಲಿ. ಫಲಕ ದಣಿದಾಗ ಕಾರ್ಖಾನೆಗೂ ಕೆಲಸವಿಲ್ಲ. ಬೇಸಗೆಯಲ್ಲಿ ಬೇಡಿಕೆ ಏರಿದಾಗ ಬಿಸಿಲಿಗೂ ಬಲ ಹೆಚ್ಚು. ಬಿಸಿಲಿನ ಋತುವೂ ಮೀನಿನ ಋತುವೂ ಹೀಗೆ ಹೆಚ್ಚುಕಡಿಮೆ ಕೈಹಿಡಿದು ನಡೆಯುತ್ತವೆ. ವಿದ್ಯುತ್ತಿನ ಅವಶ್ಯಕತೆಯನ್ನು ವರ್ಷವಿಡೀ ಒಂದೇ ಎಂದು ಬರೆದುಕೊಟ್ಟವನಿಗೆ ಈ ಯೋಜನೆ ಇರುವುದಕ್ಕಿಂತ ದುರ್ಬಲವಾಗಿ ಕಂಡೀತು. ತಿಂಗಳು ತಿಂಗಳಾಗಿ ಬರೆದವನಿಗೆ ಅದರ ನಿಜವಾದ ಬಲ ತಿಳಿದೀತು. ಯಂತ್ರ ಎರಡನ್ನೂ ಅಷ್ಟೇ ನಿಷ್ಠೆಯಿಂದ ಗುಣಿಸುತ್ತದೆ.

ಹಣದ ವಿಷಯಕ್ಕೆ ಬಂದರೆ ಋತು ತನ್ನ ಇನ್ನೊಂದು ಮುಖವನ್ನು ತೋರಿಸುತ್ತದೆ. ಸಾಲದ ಕಂತು ವರ್ಷಕ್ಕೆ 1,20,000 ರೂಪಾಯಿ ಎಂದಿಟ್ಟುಕೊಳ್ಳಿ. ತಿಂಗಳಿಗೆ 10,000ದಂತೆ ಹನ್ನೆರಡು ಕಂತು ಕಟ್ಟಬಹುದು. ಆಗಸ್ಟಿನಿಂದ ಮೇವರೆಗೆ 12,000ದಂತೆ ಹತ್ತು ಕಂತನ್ನೂ ಕಟ್ಟಬಹುದು. ರೆಟ್‌ಸ್ಕ್ರೀನ್ ಹಣದ ಹರಿವನ್ನು ವರ್ಷವರ್ಷಕ್ಕೆ ಲೆಕ್ಕವಿಡುವುದರಿಂದ ಅದರ ಪುಟದಲ್ಲಿ ಇವೆರಡಕ್ಕೂ ಭೇದವೇ ಇಲ್ಲ. ಆದರೆ ಕಾರ್ಖಾನೆಯವನ ಮನೆಯಲ್ಲಿ ಭೇದ ಅಪಾರ. ಆದಾಯವಿಲ್ಲದ ಜೂನ್ ಜುಲೈ ತಿಂಗಳುಗಳಲ್ಲಿ ಕಂತು ಕಟ್ಟಲು ಅವನು ಕೈಸಾಲಕ್ಕೆ ಹೋಗುತ್ತಾನೆ. ಕೈಸಾಲದ ಬಡ್ಡಿ ಯಾವ ತಂತ್ರಾಂಶದಲ್ಲಿಯೂ ದಾಖಲಾಗುವುದಿಲ್ಲ. ಕಾಗದದ ಮೇಲೆ ಗೆದ್ದ ಯೋಜನೆ ಮಳೆಗಾಲದಲ್ಲಿ ಮುಳುಗುವುದು ಹೀಗೆ.

ಹಣ ಬರುವ ಲಯದಲ್ಲಿಯೇ ಹಣ ಕಟ್ಟಿಸಿಕೊಳ್ಳಬೇಕೆಂಬ ಅರಿವು ಈ ಸೀಮೆಗೆ ಹೊಸದಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಪ್ರತಿನಿಧಿ ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯಂತೆ ಕೂಡಿಸಿಕೊಂಡು ಹೋಗುತ್ತಿದ್ದ. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನೊಡನೆ ವಿಲೀನವಾಯಿತು. ಅದು ಕಲಿಸಿದ ಪಾಠ ವಿಲೀನವಾಗಬಾರದು. ಹಂಗಾರಕಟ್ಟೆಗೆ ದೂರವಲ್ಲದ ಹಂದಟ್ಟು ಮೂಲದ ಹರೀಶ್ ಹಂದೆಯವರು 1995ರಲ್ಲಿ ಸೆಲ್ಕೋ ಸಂಸ್ಥೆಯನ್ನು ಕಟ್ಟಿ, ಬಡವರ ಮನೆಗಳಿಗೆ ಸೌರದೀಪಗಳನ್ನು ಒಯ್ದವರು. ತಿಂಗಳಿಗೆ ಮುನ್ನೂರು ರೂಪಾಯಿ ಭಾರ, ದಿನಕ್ಕೆ ಹತ್ತಾದರೆ ಹಗುರವೆಂಬ ಪಾಠವನ್ನು ತಮಗೆ ಬೀದಿಬದಿಯ ವ್ಯಾಪಾರಿಣಿಯೊಬ್ಬಳು ಕಲಿಸಿದಳೆಂದು ಅವರು ಹೇಳುವುದುಂಟು. ಗಣಿತಜ್ಞನಿಗೆ ಮುನ್ನೂರೂ ಮೂವತ್ತು ಹತ್ತುಗಳೂ ಒಂದೇ; ದಿನದ ಸಂಪಾದನೆಯವಳಿಗೆ ಒಂದಲ್ಲ. 2011ರಲ್ಲಿ ಹಂದೆಯವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಆ ಕೀರ್ತಿಯಲ್ಲಿ ಫಲಕದ ಪಾಲೆಷ್ಟಿದೆಯೋ ಕಂತಿನ ಪಾಲೂ ಅಷ್ಟಿದೆ.

ಇದರಿಂದ ತಂತ್ರಾಂಶ ನಿರುಪಯುಕ್ತವೆಂದು ಯಾರೂ ಭಾವಿಸಬಾರದು. ಬರಿಯ ಉತ್ಸಾಹದಿಂದ ಹೊರಟು ಹಣ ಕಳೆದುಕೊಳ್ಳುವವನನ್ನು ತಡೆಯುವ ಶಕ್ತಿ ಅದಕ್ಕಿದೆ. ಸಣ್ಣವನ ಯೋಜನೆಯನ್ನೂ ದೊಡ್ಡವನ ಯೋಜನೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ನಿಷ್ಪಕ್ಷಪಾತವೂ ಇದೆ. ಆದರೆ ತಕ್ಕಡಿಗೆ ಏನನ್ನು ಹಾಕಬೇಕೆಂದು ನಿಶ್ಚಯಿಸುವುದು ತಕ್ಕಡಿಯ ಕೆಲಸವಲ್ಲ. ಬ್ಯಾಂಕಿನ ಅಧಿಕಾರಿ ಮುದ್ರಿತ ವರದಿಯ ಕೊನೆಯ ಸಾಲನ್ನು ಓದುವ ಮೊದಲು, ಅಂಕಿಗಳನ್ನು ತುಂಬಿದವರು ಅಳಿವೆಯ ಜನರನ್ನು ಕೇಳಿದ್ದಾರೆಯೆ ಎಂದು ವಿಚಾರಿಸಬೇಕು. ಯೋಜನೆ ಬರೆಯುವ ತರುಣ ಎಂಜಿನಿಯರು ಊರಿನ ಅಕ್ಷಾಂಶದೊಡನೆ ಊರಿನ ಪಂಚಾಂಗವನ್ನೂ ತಿಳಿದುಕೊಳ್ಳಬೇಕು.

ಮಂಜಿಯ ಒಡೆಯನ ಬಳಿ ಉಪಗ್ರಹವಿರಲಿಲ್ಲ. ಆದರೆ ವರ್ಷಕ್ಕೆ ಹನ್ನೆರಡು ತಿಂಗಳಿದ್ದರೂ ವ್ಯಾಪಾರಕ್ಕೆ ಅಷ್ಟು ತಿಂಗಳಿಲ್ಲವೆಂಬುದು ಅವನಿಗೆ ಗೊತ್ತಿತ್ತು. ಯಂತ್ರಕ್ಕೆ ಅದನ್ನು ನಾವೇ ತಿಳಿಸಿಕೊಡಬೇಕು.