ಸಂಭಾಷಣಾ ತಂತ್ರಾಂಶದ ನಡತೆ: ಪಿಜಿನ್ ಒಂದು ನಿದರ್ಶನ

ಗಣಕಯಂತ್ರದ ಪರದೆಯ ಮೇಲೆ ಲಿಖಿತ ಸಂಭಾಷಣೆ ನಡೆಸಲು ನೆರವಾಗುವ ತಂತ್ರಾಂಶಗಳಲ್ಲಿ ಪಿಜಿನ್ ಎಂಬುದು ಬಹಳ ಹಳೆಯದು. ಅಮೆರಿಕದ ಎಒಎಲ್ ಸಂಸ್ಥೆಯ ಸಂದೇಶ ಸೇವೆಯನ್ನು ಲಿನಕ್ಸ್ ಯಂತ್ರಗಳಲ್ಲಿಯೂ ಬಳಸುವಂತಾಗಲೆಂದು 1998ರಲ್ಲಿ ಮಾರ್ಕ್ ಸ್ಪೆನ್ಸರ್ ಎಂಬವರು ಇದನ್ನು ರಚಿಸಿದರು. ಆಗ ಇದರ ಹೆಸರು ಗೈಮ್ ಎಂದಿತ್ತು. ಹೆಸರಿನ ಸ್ವಾಮ್ಯದ ಬಗ್ಗೆ ಆ ಸಂಸ್ಥೆಯು ತಕರಾರು ಎತ್ತಿದುದರಿಂದ 2007ರಲ್ಲಿ ಪಿಜಿನ್ ಎಂಬ ಹೊಸ ಹೆಸರು ಬಂದಿತು. ಬೇರೆ ಬೇರೆ ಭಾಷೆಗಳನ್ನಾಡುವ ಜನರು ವ್ಯಾಪಾರಕ್ಕಾಗಿ ಒಂದೆಡೆ ಕಲೆತಾಗ ಹುಟ್ಟುವ ಮಿಶ್ರಭಾಷೆಗೆ ಭಾಷಾಶಾಸ್ತ್ರದಲ್ಲಿ ಇದೇ ಹೆಸರುಂಟು. ಪರಸ್ಪರ ಹೊಂದದ ಹಲವು ಸಂದೇಶ ಸೇವೆಗಳನ್ನು ಒಂದೇ ಕಿಟಕಿಯೊಳಗೆ ತರುವ ತಂತ್ರಾಂಶಕ್ಕೆ ಇದಕ್ಕಿಂತ ಒಪ್ಪುವ ಹೆಸರು ದೊರೆಯಲಾರದು. ಆ ಸೇವೆಗಳಲ್ಲಿ ಎಒಎಲ್‌ನದು 2017ರಲ್ಲಿ, ಯಾಹೂವಿನದು 2018ರಲ್ಲಿ, ಐಸಿಕ್ಯೂ 2024ರಲ್ಲಿ ಮುಚ್ಚಿಹೋದವು. ಐಆರ್‌ಸಿ, ಎಕ್ಸ್‌ಎಂಪಿಪಿ ಮೊದಲಾದ ಮುಕ್ತ ನಿಯಮಾವಳಿಗಳ ಸೇವೆಗಳು ಉಳಿದಿವೆ. ಅವುಗಳಿಗಾಗಿ ಪಿಜಿನ್ ಇಂದಿಗೂ ಬಳಕೆಯಲ್ಲಿದೆ. ಇದರ ಪರದೆಯ ಮಾತುಗಳಿಗೆ ಕನ್ನಡ ಅನುವಾದವೂ ಉಂಟು.

ಇಂತಹ ತಂತ್ರಾಂಶದ ನಡತೆಯನ್ನು ನಮ್ಮ ಇಷ್ಟಕ್ಕೆ ಅಳವಡಿಸಿಕೊಳ್ಳುವ ಬಗೆಯನ್ನು ಇಲ್ಲಿ ಪರಿಶೀಲಿಸುವ ಉದ್ದೇಶವಿದೆ. ಬಂಧುಮಿತ್ರರ ಹೆಸರುಗಳಿರುವ ಮುಖ್ಯ ಕಿಟಕಿಯಲ್ಲಿ ಕಂಟ್ರೋಲ್ ಮತ್ತು ಪಿ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಆದ್ಯತೆಗಳ ಪುಟ ತೆರೆಯುತ್ತದೆ. ಅದರಲ್ಲಿರುವ ಆಯ್ಕೆಗಳು ನೋಟಕ್ಕೆ ಒಂದೇ ತೆರನಾಗಿವೆ: ಒಂದು ಸಣ್ಣ ಚೌಕ, ಅದರ ಮುಂದೊಂದು ವಾಕ್ಯ. ವಾಸ್ತವದಲ್ಲಿ ಇವು ಎರಡು ಜಾತಿಯವು. ಕೆಲವು ನಮ್ಮ ಮೇಜಿನ ಮೇಲಿನ ವ್ಯವಸ್ಥೆಗೆ ಮಾತ್ರ ಸಂಬಂಧಿಸಿದವು. ಉಳಿದವು ನಮ್ಮ ಪರವಾಗಿ, ನಾವು ಬಾಯಿ ತೆರೆಯದೆಯೇ, ಇತರರೊಡನೆ ಮಾತನಾಡುವಂಥವು. ತಂತ್ರಾಂಶವು ಈ ಭೇದವನ್ನು ಎಲ್ಲಿಯೂ ಎತ್ತಿ ತೋರಿಸುವುದಿಲ್ಲವಾದುದರಿಂದ ಬಳಸುವವನೇ ಅದನ್ನು ಗುರುತಿಸಿಕೊಳ್ಳಬೇಕಾಗಿದೆ.

ಮೊದಲನೆಯ ಜಾತಿಯದನ್ನು ಬೇಗನೆ ಮುಗಿಸಬಹುದು. ಹಲವು ಸಂಭಾಷಣೆಗಳು ಒಂದೇ ಕಿಟಕಿಯಲ್ಲಿ ಪುಟಪುಟವಾಗಿ ಇರಬೇಕೇ, ಪುಟಗಳ ಪಟ್ಟಿ ಮೇಲಿರಬೇಕೇ ಬದಿಗಿರಬೇಕೇ, ಪರದೆಯ ಅಂಚಿನ ಚಿಹ್ನೆಯು ಸದಾ ಕಾಣಬೇಕೇ ಅಥವಾ ಓದದ ಸಂದೇಶವಿದ್ದಾಗ ಮಾತ್ರ ಕಾಣಬೇಕೇ, ಇವೆಲ್ಲ ಅವರವರ ರುಚಿಗೆ ಸೇರಿದ ವಿಷಯಗಳು. ಹೊಸ ಸಂದೇಶ ಬಂದಾಗ ಕಿಟಕಿಯು ತಾನಾಗಿ ಮುಂದೆ ಬರುವ ಏರ್ಪಾಡಿನ ಬಗ್ಗೆ ಮಾತ್ರ ಒಂದು ಎಚ್ಚರಿಕೆ ಅವಶ್ಯ. ಇದು ಆದ್ಯತೆಗಳ ಪುಟದಲ್ಲಿಲ್ಲ. ಸಂದೇಶಸೂಚನೆಯ ಪ್ಲಗಿನ್ ಎಂಬ ಉಪಾಂಗದಲ್ಲಿದೆ. ಬೇರೊಂದು ಕಡತದಲ್ಲಿ ಬರೆಯುತ್ತಿರುವಾಗ ಕಿಟಕಿಯು ಹಠಾತ್ತಾಗಿ ಮುಂದೆ ಬಂದು ಕೀಲಿಮಣೆಯನ್ನು ವಶಪಡಿಸಿಕೊಂಡರೆ ಅರ್ಧ ವಾಕ್ಯವು, ದುರದೃಷ್ಟವಿದ್ದರೆ ಗುಪ್ತಪದವೇ, ಅನ್ಯರಿಗೆ ರವಾನೆಯಾದೀತು. ಆದಕಾರಣ ಇದೇ ಉಪಾಂಗದಲ್ಲಿರುವ ತುರ್ತು ಸೂಚನೆಯ ಆಯ್ಕೆಯೇ ಲೇಸು. ಅದು ಕಿಟಕಿಯನ್ನು ಎಳೆದು ತರುವುದಿಲ್ಲ. ಸಂದೇಶ ಬಂದಿದೆಯೆಂಬ ಸಂಗತಿಯನ್ನು ಕಿಟಕಿಗಳ ಮೇಲ್ವಿಚಾರಕ ತಂತ್ರಾಂಶಕ್ಕೆ ತಿಳಿಸಿ ಸುಮ್ಮನಾಗುತ್ತದೆ. ಮುಂದೆ ಹೆಸರು ಮಿನುಗಬೇಕೇ ಬಣ್ಣ ಬದಲಾಗಬೇಕೇ ಎಂಬುದನ್ನು ನಿರ್ಣಯಿಸುವುದು ಆ ಮೇಲ್ವಿಚಾರಕ. ಪಿಜಿನ್‌ನಲ್ಲಿ ಎಲ್ಲವನ್ನೂ ಸರಿಪಡಿಸಿದ ಮೇಲೂ ಕಿಟಕಿ ಹೇಳಿದಂತೆ ಕೇಳದಿದ್ದರೆ ಅದರ ಕಾರಣವು ಬಹುಮಟ್ಟಿಗೆ ಇಲ್ಲಿಯೇ ಇರುತ್ತದೆ.

ಈ ಮೊದಲ ಜಾತಿಯ ಒಂದು ಆಯ್ಕೆಯ ಸಲುವಾಗಿಯೇ 2008ರಲ್ಲಿ ದೊಡ್ಡದೊಂದು ಕಲಹ ನಡೆಯಿತೆಂಬುದು ಸ್ವಾರಸ್ಯದ ಸಂಗತಿ. ಅಲ್ಲಿಯವರೆಗೆ ಸಂದೇಶ ಬರೆಯುವ ಪೆಟ್ಟಿಗೆಯ ಎತ್ತರವನ್ನು ಮೌಸ್‌ನಿಂದ ಎಳೆದು ಹಿಗ್ಗಿಸಬಹುದಾಗಿತ್ತು. 2.4ನೆಯ ಆವೃತ್ತಿಯಲ್ಲಿ ನಿರ್ಮಾಪಕರು ಆ ಸೌಕರ್ಯವನ್ನು ತೆಗೆದು, ಬರೆಹ ಬೆಳೆದಂತೆ ಪೆಟ್ಟಿಗೆಯು ತಾನೇ ಬೆಳೆಯುವಂತೆ ಮಾಡಿದರು. ಬಳಕೆದಾರರಲ್ಲಿ ಅನೇಕರು ಪ್ರತಿಭಟಿಸಿದರು; ನಿರ್ಮಾಪಕರು ಜಗ್ಗಲಿಲ್ಲ. ಕೊನೆಗೆ ಕೆಲವರು ಮೂಲ ಬರೆಹವನ್ನೇ ಪ್ರತಿಮಾಡಿಕೊಂಡು ಫನ್‌ಪಿಜಿನ್ ಎಂಬ ಬೇರೆ ತಂತ್ರಾಂಶವನ್ನು ಹೊರತಂದರು. ಅದಕ್ಕೆ ಅನಂತರ ಕ್ಯಾರಿಯರ್ ಎಂಬ ಹೆಸರಾಯಿತು. ಪಿಜಿನ್‌ನಲ್ಲಿಯೂ ಮುಂದೆ ಪೆಟ್ಟಿಗೆಯ ಕನಿಷ್ಠ ಸಾಲುಗಳನ್ನು ಗೊತ್ತುಪಡಿಸುವ ಆಯ್ಕೆ ಸೇರಿತು. ಮೂಲ ಬರೆಹವು ಸರ್ವರಿಗೂ ಮುಕ್ತವಾಗಿದ್ದುದರಿಂದಲ್ಲವೆ ಇಂತಹ ಜಗಳಕ್ಕೆ ಇಂತಹ ಪರಿಹಾರ ಸಾಧ್ಯವಾದದ್ದು! ಆದರೆ ಎರಡು ಸಾಲಿನ ಎತ್ತರಕ್ಕಾಗಿ ಇಷ್ಟೊಂದು ಹೋರಾಡಿದ ಜನರಲ್ಲಿ ಎರಡನೆಯ ಜಾತಿಯ ಆಯ್ಕೆಗಳನ್ನು ತೆರೆದು ನೋಡಿದವರು ಎಷ್ಟು ಮಂದಿಯೋ ಎಂಬ ಸಂದೇಹ ನಮಗೆ ಉಂಟಾಗುತ್ತದೆ.

ಆ ಎರಡನೆಯ ಜಾತಿಗೆ ಬರೋಣ. ನಾವು ಬರೆಯಲು ತೊಡಗಿದೊಡನೆ ಆ ಸಂಗತಿಯನ್ನು ಎದುರಿನವರಿಗೆ ತಿಳಿಸುವ ಆಯ್ಕೆಯೊಂದಿದೆ. ನಾವು ಬರೆದು, ಅಳಿಸಿ, ಮತ್ತೆ ಬರೆದು, ಕಡೆಗೆ ಏನನ್ನೂ ಕಳುಹಿಸದೆ ಹೋದರೂ ನಮ್ಮ ಹಿಂಜರಿಕೆಯು ಅವರ ಪರದೆಯ ಮೇಲೆ ಮೂಡಿರುತ್ತದೆ. ಎಕ್ಸ್‌ಎಂಪಿಪಿಯಲ್ಲಿ ಇದಕ್ಕೆ ಪ್ರತ್ಯೇಕ ಸಂಕೇತಗಳೇ ಉಂಟು. ಇನ್ನೊಂದು, ನಿಷ್ಕ್ರಿಯ ಕಾಲದ ವರದಿ. ಇದಕ್ಕೆ ಮೂರು ಮಾರ್ಗಗಳಿವೆ: ವರದಿಯನ್ನೇ ಮಾಡದಿರುವುದು, ಕೊನೆಯ ಸಂದೇಶ ಕಳುಹಿಸಿದಂದಿನಿಂದ ಎಣಿಸುವುದು, ಕೀಲಿಮಣೆ ಅಥವಾ ಮೌಸ್ ಅಲುಗಿದಂದಿನಿಂದ ಎಣಿಸುವುದು. ಈ ಕೊನೆಯದರ ಪರಿಣಾಮವನ್ನು ವಾಚಕರು ಗಮನಿಸಬೇಕು. ಎರಡನೆಯ ಮಾರ್ಗದಲ್ಲಿ ಲೋಕಕ್ಕೆ ತಿಳಿಯುವುದು ನಾವು ಎಷ್ಟು ಹೊತ್ತಿನಿಂದ ಮಾತನಾಡಿಲ್ಲವೆಂಬುದು. ಮೂರನೆಯದರಲ್ಲಿ ತಿಳಿಯುವುದು ನಾವು ಎಷ್ಟು ಹೊತ್ತಿನಿಂದ ಆಸನದಲ್ಲಿಲ್ಲವೆಂಬುದು. ಮಾತನಾಡದಿರುವುದೂ ಮನೆಯಲ್ಲಿಲ್ಲದಿರುವುದೂ ಒಂದೇ ಅಲ್ಲ. ಮೇಲಧಿಕಾರಿಯ ಹೆಸರೂ ಸ್ನೇಹಿತರ ಹೆಸರೂ ಒಂದೇ ಪಟ್ಟಿಯಲ್ಲಿರುವಾಗ ಈ ಭೇದವು ಕೇವಲ ತಾತ್ತ್ವಿಕವಾಗಿ ಉಳಿಯುವುದಿಲ್ಲ.

ಹಾಗೆಂದು ಈ ಆಯ್ಕೆಯ ಅಧಿಕಾರ ಎಲ್ಲೆಡೆಯೂ ನಡೆಯುವುದೆಂದು ಭಾವಿಸಲಾಗದು. ಐಆರ್‌ಸಿಯಲ್ಲಿ ಒಬ್ಬನ ವಿವರವನ್ನು ಮತ್ತೊಬ್ಬನು ಕೇಳಿದಾಗ, ಅವನು ಕೊನೆಯ ಸಂದೇಶ ಕಳುಹಿಸಿ ಎಷ್ಟು ಹೊತ್ತಾಯಿತೆಂಬುದನ್ನು ಸರ್ವರ್ ತಾನೇ ಎಣಿಸಿ ಹೇಳುತ್ತದೆ. ನಮ್ಮ ಯಂತ್ರದಲ್ಲಿ ಯಾವ ಗುರುತನ್ನು ತೆಗೆದರೂ ಆ ಎಣಿಕೆ ನಿಲ್ಲುವುದಿಲ್ಲ. ತಾನಾಗಿ ಉತ್ತರ ಕಳುಹಿಸುವ ಏರ್ಪಾಡೂ ಅದಕ್ಕೆ ಅವಕಾಶವಿರುವ ಸೇವೆಗಳಲ್ಲಿ ಮಾತ್ರ ನಡೆಯತಕ್ಕದ್ದು.

ದಾಖಲೆಯ ವಿಷಯ ಇನ್ನೂ ಗಂಭೀರವಾದುದು. ಸಂಭಾಷಣೆಗಳನ್ನೆಲ್ಲ ಉಳಿಸುವ ಆಯ್ಕೆಗೆ ಗುರುತಿದ್ದರೆ, ನಮ್ಮ ಸ್ವಂತ ಕೋಶದೊಳಗೆ ಚುಕ್ಕೆ ಮತ್ತು ಪರ್ಪಲ್ ಎಂಬ ಹೆಸರಿನ ಅಡಗಿದ ಕೋಶದಲ್ಲಿ ಅವು ಯಾರು ಬೇಕಾದರೂ ಓದಬಲ್ಲ ಸಾದಾ ಬರೆಹವಾಗಿ ಶೇಖರವಾಗುತ್ತವೆ. ನೆನಪಿಡುವಂತೆ ನಾವು ಹೇಳಿದ ಗುಪ್ತಪದಗಳೂ ಪಿಜಿನ್‌ನ ಎರಡನೆಯ ಆವೃತ್ತಿಯ ಸರಣಿಯಲ್ಲಿ ಅದೇ ಕೋಶದ ಖಾತೆಗಳ ಕಡತದೊಳಗೆ ಹಾಗೆಯೇ ಕುಳಿತಿರುತ್ತವೆ. ನಿರ್ಮಾಪಕರ ಸಮಾಧಾನವಿದು: ನಮ್ಮನ್ನು ಕೇಳದೆ ತಂತ್ರಾಂಶವೇ ಬಿಡಿಸಿಕೊಳ್ಳಬಲ್ಲ ಗೂಢಲಿಪಿಯನ್ನು ಕಡತ ದೊರೆತ ಕಳ್ಳನೂ ಬಿಡಿಸಬಲ್ಲನು, ಆದುದರಿಂದ ಅದು ಸುಳ್ಳು ಭದ್ರತೆ. ಈ ವಾದವನ್ನು ತರ್ಕದಿಂದ ಅಲ್ಲಗಳೆಯುವುದು ಕಷ್ಟ. ಆದರೆ ಹಲವರು ಹಂಚಿಕೊಳ್ಳುವ ಯಂತ್ರದಲ್ಲಿ ಕೆಲಸ ಮಾಡುವವರು ಗುಪ್ತಪದವನ್ನು ನೆನಪಿಡುವ ಗುರುತನ್ನು ತೆಗೆದು, ಪ್ರತಿಸಲವೂ ತಾವೇ ಬರೆಯುವುದು ಉತ್ತಮ.

2004ರಲ್ಲಿ ಬೊರಿಸೊವ್, ಗೋಲ್ಡ್‌ಬರ್ಗ್, ಬ್ರೂಅರ್ ಎಂಬ ಮೂವರು ಸಂಶೋಧಕರು ಪ್ರಕಟಿಸಿದ ಆಫ್-ದ-ರೆಕಾರ್ಡ್ ಎಂಬ ಗೂಢಲೇಖನ ವಿಧಾನಕ್ಕೆ ಪಿಜಿನ್‌ನಲ್ಲಿ ಒಂದು ಉಪಾಂಗ ದೊರೆಯುತ್ತದೆ. ದಾರಿಯಲ್ಲಿ ಯಾರೂ ಸಂದೇಶವನ್ನು ಓದದಂತೆ ಅದು ಕಾಪಾಡುತ್ತದೆ. ಆದರೆ ಓದುಗನ ಯಂತ್ರವನ್ನು ತಲಪಿ ಬಿಚ್ಚಿಕೊಂಡ ಬರೆಹವು ದಾಖಲೆಯ ಕಡತಕ್ಕೆ ಹೋಗುವುದೋ ಇಲ್ಲವೋ ಎಂಬುದು ಬೇರೆ ಪ್ರಶ್ನೆ. ಅದಕ್ಕಾಗಿ ಆ ಉಪಾಂಗದಲ್ಲಿಯೇ, ಇಂತಹ ಸಂಭಾಷಣೆಗಳನ್ನು ದಾಖಲಿಸಬಾರದೆಂಬ ಪ್ರತ್ಯೇಕ ಚೌಕವೊಂದಿದೆ. ನಮ್ಮ ಯಂತ್ರದಲ್ಲಿ ಅದಕ್ಕೆ ಗುರುತು ಹಾಕಿಕೊಳ್ಳಬಹುದು. ಎದುರಿನವರ ಯಂತ್ರದಲ್ಲಿ ಅದು ಹೇಗಿದೆಯೆಂಬುದನ್ನು ಅವರನ್ನೇ ಕೇಳಬೇಕು.